ರಾತ್ರಿ ಹನ್ನೊಂದರ ಸಂದೇಶ

ಪ್ರಶ್ನೆ: ಬೆಳ್ಳಂದೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಏಳು ಜನರ ತಂಡವನ್ನು ನೋಡಿಕೊಳ್ಳುತ್ತೇನೆ. ಒಂದೊಂದು ಟಿಕೆಟ್, ಅಂದರೆ ನಮಗೆ ಬರುವ ಒಂದೊಂದು ಕೋರಿಕೆ, ಮೂರು ನಾಲ್ಕು ದಿನದ ಕೆಲಸ. ಮ್ಯಾನೇಜರ್ ರಾತ್ರಿ ಹನ್ನೊಂದಕ್ಕೆ ‘ಇದು ಅರ್ಜೆಂಟ್’ ಎಂದು ಸಂದೇಶ ಕಳಿಸುತ್ತಾರೆ. ಬೆಳಿಗ್ಗೆ ನಾನು ತಂಡದ ಕೆಲಸಗಳ ಪಟ್ಟಿಯನ್ನೆಲ್ಲ ಬದಲಿಸುತ್ತೇನೆ. ಮೊನ್ನೆ ತಂಡದ ಹುಡುಗನೊಬ್ಬ, ‘ಮೇಡಂ, ಇದು ಮಧ್ಯಾಹ್ನದವರೆಗಾದರೂ ಇರುತ್ತದೆಯೇ?’ ಎಂದು ಕೇಳಿದ. ಎಲ್ಲರೂ ನಕ್ಕರು. ಮನೆಗೆ ಬಂದು ಅತ್ತುಬಿಟ್ಟೆ. ತಿಂಗಳಿಗೊಮ್ಮೆ ಮಾತ್ರ ಆದ್ಯತೆ ಗೊತ್ತುಮಾಡೋಣವೆಂದರೆ ಮ್ಯಾನೇಜರ್ ಒಪ್ಪುವುದಿಲ್ಲ. ನನಗೇ ಯೋಗ್ಯತೆ ಇಲ್ಲವೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಆ ಹುಡುಗನ ಮೇಲೆ ಸಿಟ್ಟಾಗಬೇಡಿ. ನಿಮ್ಮ ಪತ್ರಕ್ಕಿಂತ ಅವನ ಒಂದು ಮಾತಿನಲ್ಲೇ ವಿಷಯ ಹೆಚ್ಚು ಸ್ಪಷ್ಟವಾಗಿದೆ.

ದರ್ಶಿನಿಯಲ್ಲಿ ದೋಸೆ ಹುಯ್ಯುವವರನ್ನು ನೋಡಿದ್ದೀರಲ್ಲ. ಚೀಟಿಗಳು ಬೀಳುತ್ತಲೇ ಇರುತ್ತವೆ, ಅವರು ತಲೆಯೆತ್ತುವುದಿಲ್ಲ. ಕಾವಲಿ ಖಾಲಿಯಾಗಿ, ನೀರು ಚಿಮುಕಿಸಿ, ಪೊರಕೆಯಾಡಿಸಿದ ಮೇಲೆಯೇ ಚೀಟಿಯತ್ತ ಕಣ್ಣು. ಅರ್ಧ ಬೆಂದ ಮಸಾಲೆ ದೋಸೆಯನ್ನು ಎತ್ತಿ ಬಿಸಾಡಿ ಸೆಟ್ ದೋಸೆ ಹುಯ್ಯುವವರನ್ನು ನಾನಂತೂ ಕಂಡಿಲ್ಲ. ನಿಮ್ಮಲ್ಲಿ ಅದು ದಿನವೂ ನಡೆಯುತ್ತಿದೆ.

ಕಾಯುತ್ತಿರುವ ಕೆಲಸಗಳ ಕ್ರಮವನ್ನು ದಿನಕ್ಕೆ ಹತ್ತು ಸಲ ಬದಲಿಸಿದರೂ ಯಾರಿಗೂ ನಷ್ಟವಿಲ್ಲ. ಸಾಫ್ಟ್‌ವೇರ್ ತಂಡಗಳು ಕೆಲಸ ಹಂಚಿಕೊಳ್ಳಲು ಬಳಸುವ ಸ್ಕ್ರಮ್ ಪದ್ಧತಿಯೂ ಇದನ್ನು ಒಪ್ಪುತ್ತದೆ: ಸ್ಪ್ರಿಂಟ್, ಅಂದರೆ ಒಂದು ಗುರಿಯಿಟ್ಟು ದುಡಿಯುವ ಗೊತ್ತಾದ ಅವಧಿ, ಒಂದು ತಿಂಗಳು ಮೀರಬಾರದು, ಅದರ ಗುರಿಗೆ ಧಕ್ಕೆ ತರುವ ಬದಲಾವಣೆ ನಡುವೆ ಕೂಡದು, ಬ್ಯಾಕ್‌ಲಾಗ್, ಅಂದರೆ ಕಾಯುತ್ತಿರುವ ಕೆಲಸಗಳ ಪಟ್ಟಿ, ಮಾತ್ರ ಯಾವತ್ತು ಬೇಕಾದರೂ ಬದಲಾಗಬಹುದು. ನಿಮ್ಮ ತಪ್ಪೆಂದರೆ, ಹುಡುಗರು ಕೈಹಾಕಿದ ಕೆಲಸವನ್ನೂ ಆ ಪಟ್ಟಿಯೊಳಗೆ ಸೇರಿಸಿಕೊಂಡಿದ್ದೀರಿ.

ತಿಂಗಳಿಗೊಮ್ಮೆ ಎಂಬ ನಿಮ್ಮ ಹಟವನ್ನೂ ನಾನು ಒಪ್ಪುವುದಿಲ್ಲ. ಮೂರು ದಿನದಲ್ಲಿ ಮುಗಿಯುವ ಕೆಲಸಕ್ಕೆ ಮೂವತ್ತು ದಿನ ಮುಂಚೆ ಸರದಿ ಹಚ್ಚಿದರೆ, ಮಧ್ಯೆ ಬಂದದ್ದೆಲ್ಲ ಹಿಂಬಾಗಿಲಿನಿಂದಲೇ ನುಗ್ಗಬೇಕಾಗುತ್ತದೆ. 2004ರ ಸುಮಾರಿಗೆ ಮೈಕ್ರೋಸಾಫ್ಟ್‌ಗಾಗಿ ಹೈದರಾಬಾದಿನಿಂದ ಕೆಲಸ ಮಾಡುತ್ತಿದ್ದ ಸಾಫ್ಟ್‌ವೇರ್ ದುರಸ್ತಿ ತಂಡವೊಂದರ ಕಥೆಯನ್ನು, ಸಾಫ್ಟ್‌ವೇರ್ ಕೆಲಸದ ಪದ್ಧತಿಗಳ ಬಗ್ಗೆ ಬರೆಯುವ ಡೇವಿಡ್ ಆಂಡರ್ಸನ್ ಬರೆದಿದ್ದಾರೆ. ಬಂದ ಪ್ರತಿ ಕೋರಿಕೆಗೂ ಎಷ್ಟು ದಿನ ಬೇಕೆಂದು ಅಂದಾಜು ಕಟ್ಟುವುದರಲ್ಲೇ ಅವರ ಸಮಯದ ದೊಡ್ಡ ಪಾಲು ಹೋಗುತ್ತಿತ್ತು. ಅಂದಾಜು ನಿಲ್ಲಿಸಿ, ಖಾಲಿಯಾದ ಜಾಗಕ್ಕಷ್ಟೇ ವಾರವಾರ ಕೆಲಸ ಆರಿಸತೊಡಗಿದ ಮೇಲೆ ತಂಡ ಚೇತರಿಸಿಕೊಂಡಿತು.

ನಿಮಗೂ ವಾರಕ್ಕೊಮ್ಮೆ ಸಾಕು. ಸೋಮವಾರ ಬೇಡ, ಅಂದು ಎಲ್ಲರ ತಲೆಯೂ ಟ್ರಾಫಿಕ್‌ನಲ್ಲೇ ಇರುತ್ತದೆ. ಬುಧವಾರ ಅರ್ಧ ಗಂಟೆ, ಮ್ಯಾನೇಜರ್ ಎದುರಿಗೇ. ಮುಂದಿನ ಬುಧವಾರದೊಳಗೆ ಎಷ್ಟು ಜನರ ಕೈ ಖಾಲಿಯಾಗಬಹುದೋ ಅಷ್ಟೇ ಕೆಲಸ ಆರಿಸಿ. ಎಂಬತ್ತು ಟಿಕೆಟ್ ಉಳಿದಿದ್ದರೂ ಅವುಗಳಲ್ಲಿ ನಲವತ್ತೊಂದನೆಯದು ಯಾವುದೆಂದು ಚರ್ಚಿಸುವುದು ಶುದ್ಧ ಕಾಲಹರಣ. ನಿಮ್ಮ ಕೆಲಸಗಳು ಮೂರು ವಾರದವಾಗಿದ್ದರೆ ಬೇರೆ ಮಾತು ಹೇಳುತ್ತಿದ್ದೆ.

ನಿಜವಾದ ಅರ್ಜೆಂಟ್ ಇರುವುದೂ ಉಂಟು. ಗ್ರಾಹಕರ ಹಣ ನಡುವೆ ಸಿಕ್ಕಿಕೊಂಡರೆ ಬುಧವಾರಕ್ಕೆ ಕಾಯಲಾಗದು. ಅದಕ್ಕೆ ವಾರಕ್ಕೊಬ್ಬರಂತೆ ಸರದಿಯ ಮೇಲೆ ಒಬ್ಬರನ್ನು ಬಿಡಿ. ಅಂಥ ಕೆಲಸ ಒಂದು ಸಲಕ್ಕೆ ಒಂದೇ. ಎರಡನೆಯದು ಬಂದರೆ ಮ್ಯಾನೇಜರ್ ಅವರನ್ನೇ ಕೇಳಿ: ‘ಸರ್, ಇದನ್ನು ಎತ್ತಿಕೊಂಡರೆ ಯಾವುದನ್ನು ಕೆಳಗಿಡಲಿ?’ ಎರಡು ವಾರ, ಅರ್ಧಕ್ಕೆ ಬಿಟ್ಟ ಕೆಲಸಗಳನ್ನೆಲ್ಲ ದಿನಾಂಕ ಸಮೇತ ಬರೆದಿಟ್ಟುಕೊಂಡು ಆಮೇಲೆ ಈ ಮಾತೆತ್ತಿ. ಬರಿಗೈಯಲ್ಲಿ ಹೋದರೆ ನಿಮ್ಮದು ಗೊಣಗಾಟವಾಗುತ್ತದೆ.

ಯೋಗ್ಯತೆಯ ಪ್ರಶ್ನೆ ಬಿಡಿ. ಹನ್ನೊಂದು ಗಂಟೆಯ ಸಂದೇಶಕ್ಕೆ ಹನ್ನೊಂದೂ ಎರಡಕ್ಕೇ ‘ಓಕೆ ಸರ್’ ಎನ್ನುತ್ತಿರುವವರು ಯಾರು? ಇಂದಿನಿಂದ ಬೆಳಿಗ್ಗೆ ಹತ್ತಕ್ಕೆ ಉತ್ತರಿಸಿ. ಬುಧವಾರ ಬೋರ್ಡಿನ ಮೇಲೆ ಪಟ್ಟಿ ಬರೆಯುವ ಕೆಲಸವನ್ನು ಆ ಹುಡುಗನಿಗೇ ಕೊಡಿ.