ಒಕವಾಂಗೊಗೆ ಯಾವಾಗ ಹೋಗಬೇಕು? ಮಳೆ ನೋಡಿ ಟಿಕೆಟ್ ಮಾಡಿಸಬೇಡಿ

ಬೋಟ್ಸ್‌ವಾನಾದ ಒಕವಾಂಗೊ ಡೆಲ್ಟಾ (ಒಕವಾಂಗೊ ನದಿ ಕವಲೊಡೆದು ಹರಡಿಕೊಳ್ಳುವ ಜೌಗು ನೆಲ) ಮತ್ತು ಅಲ್ಲಿನ ಮೊರೆಮಿ ಅಭಯಾರಣ್ಯದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ, ಅಲ್ಲಿಗೆ ಕನ್ನಡಿಗರ ತಂಡಗಳನ್ನು ಕರೆದೊಯ್ಯುವ ಸಫಾರಿ ಮಾರ್ಗದರ್ಶಕರ ಉತ್ತರ.

ಪ್ರಶ್ನೆ: ಡಿಸೆಂಬರ್ ಕೊನೆಗೆ ಮಕ್ಕಳಿಗೆ ರಜೆ. ಆಗ ಅಲ್ಲಿ ಮಳೆಗಾಲವಾದ್ದರಿಂದ ಡೆಲ್ಟಾ ತುಂಬಿರುತ್ತದೆ, ದೋಣಿಯಲ್ಲಿ ಎಲ್ಲಿ ಬೇಕಾದರೂ ಸುತ್ತಬಹುದು ಎಂದು ಏಜೆಂಟ್ ಹೇಳಿದ್ದಾರೆ. ಮುಂಗಡ ಕೊಡಬಹುದೇ? (ಶಿವಮೊಗ್ಗ)

ಕೊಡಬೇಡಿ. ಕೊಟ್ಟಾಗಿದ್ದರೆ, ಡಿಸೆಂಬರಿನಲ್ಲಿ ನೀವು ಯಾವತ್ತಾದರೂ ಅಲ್ಲಿಗೆ ಹೋಗಿದ್ದೀರಾ ಎಂದು ಆ ಏಜೆಂಟರನ್ನೇ ಕೇಳಿ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ನೀವು ಶಿವಮೊಗ್ಗದವರು. ಶೃಂಗೇರಿ ಕಡೆ ಎರಡು ದಿನ ಜಡಿಮಳೆ ಹಿಡಿದರೆ ಸಾಕು, ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತೋ ಇಲ್ಲವೋ ನೋಡಲು ನಿಮ್ಮೂರಲ್ಲಿ ಜನ ಸೇರುತ್ತಾರೆ. ಆ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಡೆಲ್ಟಾದ ಮೇಲೆ ನವೆಂಬರಿನಿಂದ ಮಾರ್ಚ್‌ವರೆಗೆ ಬೀಳುವ ಮಳೆ ಬೆಂಗಳೂರಿನ ವರ್ಷದ ಮಳೆಯ ಅರ್ಧದಷ್ಟು. ಕಲಹರಿಯ ಮರಳಿಗೆ ಅದು ನಾಲಗೆ ನೆನೆಸಿಕೊಳ್ಳಲಿಕ್ಕಾಯಿತು. ಡೆಲ್ಟಾ ತುಂಬುವುದು ದೂರದ ಅಂಗೋಲದ ಎತ್ತರದ ಸೀಮೆಯಲ್ಲಿ ಬಿದ್ದ ಮಳೆಯಿಂದ. ಆ ನೀರು ನಮೀಬಿಯಾದ ಕಿರಿದಾದ ಪಟ್ಟಿಯನ್ನು ದಾಟಿ, ಏಪ್ರಿಲ್ ಹೊತ್ತಿಗೆ ಬೋಟ್ಸ್‌ವಾನಾದೊಳಗೆ ದೊಡ್ಡದಾಗಿ ಬರುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಅವಸರವೇ ಇಲ್ಲ. ನೆಲ ಎಷ್ಟು ಮಟ್ಟಸ ಎಂದರೆ ಕಿಲೋಮೀಟರಿಗೆ ಒಂದಡಿ ಇಳಿಜಾರೂ ಸಿಗದು. ಪ್ಯಾಪಿರಸ್ ಜೊಂಡು ಬೇರೆ ಅಡ್ಡ. ತೆವಳಿಕೊಂಡು ಕೆಳತುದಿಯ ಮೌನ್ ಪಟ್ಟಣ ಮುಟ್ಟುವಾಗ ಜೂನ್ ಮುಗಿಯುತ್ತಿರುತ್ತದೆ, ಕೆಲವು ವರ್ಷ ಜುಲೈ.

ಹೀಗಾಗಿ ಆಕಾಶದಲ್ಲಿ ಹನಿ ಮೋಡವಿಲ್ಲದ ಅಲ್ಲಿನ ಜೂನ್-ಜುಲೈ ಚಳಿಗಾಲದಲ್ಲಿ ಡೆಲ್ಟಾಕ್ಕೆ ನೆರೆ. ಸುತ್ತಲಿನ ಕಾಡು ಒಣಗಿರುವುದರಿಂದ ಆನೆ, ಕಾಡೆಮ್ಮೆ ಎಲ್ಲ ನೀರಿನ ಕಡೆಗೇ ಬರುತ್ತವೆ. ಸಮುದ್ರ ಕಾಣದ ನದಿ ಇದು. ಬಂದ ನೀರಿನಲ್ಲಿ ಹೆಚ್ಚಿನದು ಅಲ್ಲೇ ಆವಿಯಾಗಿ ಹೋಗುತ್ತದೆ.

ಒಂದು ಜುಲೈ ಬೆಳಗ್ಗೆ ಮೌನ್ ಪಕ್ಕದ ತಮಲಕಾನೆ ನದಿಯ ಒಣ ಪಾತ್ರದಲ್ಲಿ ನಿಂತು ಆ ನೀರು ಬರುವುದನ್ನು ನೋಡಿದ್ದೇನೆ. ಅಬ್ಬರ ಕಾಯುತ್ತಿದ್ದ ನನಗೆ ಕಂಡದ್ದು ಚಾಪೆಯಗಲದ ತೆಳು ನೀರು. ಒಣ ಎಲೆ, ಲದ್ದಿಯ ಚೂರು, ಕಂದು ನೊರೆ ತಳ್ಳಿಕೊಂಡು ಬರುತ್ತಿತ್ತು. ಬಿರುಕು ಸಿಕ್ಕರೆ ಅದರೊಳಗೆ ಇಳಿದು ನಿಲ್ಲುವುದು, ಗುಳ್ಳೆ ಏಳುವುದು, ಮತ್ತೆ ಒಂದು ಗೇಣು ಮುಂದೆ. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಹುಲ್ಲಿನ ತುದಿಗೆ ಹತ್ತುತ್ತಿದ್ದವು. ಕೊಚ್ಚಿಹೋದ ಹುಳುಗಳನ್ನು ಹೆಕ್ಕುತ್ತ ಬೆಳ್ಳಕ್ಕಿಗಳು ನೀರಿನ ಜೊತೆಗೇ ನಡೆಯುತ್ತಿದ್ದವು. ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ನೀರು ನನ್ನ ಚಪ್ಪಲಿ ಮುಟ್ಟಿತ್ತು.

ಡಿಸೆಂಬರ್ ಹೊತ್ತಿಗೆ ಈ ನೆರೆ ಇಳಿದಿರುತ್ತದೆ. ಮೊಕೊರೊ, ಅಂದರೆ ಗಳ ಊರಿ ನಡೆಸುವ ಅಲ್ಲಿನ ಉದ್ದ ದೋಣಿ, ತೇಲುವಷ್ಟು ನೀರು ಎಷ್ಟೋ ಕಾಲುವೆಗಳಲ್ಲಿ ಉಳಿದಿರುವುದಿಲ್ಲ. ಜೀಪಿನ ದಾರಿಯಲ್ಲಿ ಮಾತ್ರ ಬೇಕಾದಷ್ಟು ಕೆಸರು. ಪಕ್ಕದ ಚೋಬೆ ರಾಷ್ಟ್ರೀಯ ಉದ್ಯಾನದ ಸಾವುತಿಗೆ ಹೋಗುವ ದಾರಿಯ ಮಬಾಬೆ ಬಯಲಿನದು ಎರೆ ಮಣ್ಣು. ಗದಗದ ಕಡೆಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಇಂಪಾಲ ಮರಿಗಳು, ವಲಸೆ ಹಕ್ಕಿಗಳು ಸಾಕು ಎನ್ನುವವರು ಡಿಸೆಂಬರಿಗೆ ಖಂಡಿತ ಹೋಗಲಿ, ದರವೂ ಕಡಿಮೆ. ದೋಣಿಯ ಆಸೆ ಇದ್ದವರು ಬೇಡ.

ನಮ್ಮ ಮಕ್ಕಳ ಬೇಸಿಗೆ ರಜೆಯ ಮೇ ತಿಂಗಳನ್ನು ಯಾರೂ ಯಾಕೆ ಕೇಳುವುದಿಲ್ಲವೋ ತಿಳಿಯದು. ಮಳೆ ಮುಗಿದಿರುತ್ತದೆ, ಡೆಲ್ಟಾದ ಮೇಲ್ಭಾಗಕ್ಕೆ ನೆರೆ ಬಂದಿರುತ್ತದೆ. ಆದರೂ ನಾನು ಯಾರಿಗೂ ನೀರಿನ ಗ್ಯಾರಂಟಿ ಕೊಡುವುದಿಲ್ಲ. 2019ರಲ್ಲಿ ನೆರೆ ತೀರಾ ಕಡಿಮೆ ಬಂದು ಮೌನ್‌ನ ಜನರೇ ಕಂಗಾಲಾಗಿದ್ದರು. ಹೊರಡುವ ಮುಂಚೆ ನೀವು ಉಳಿಯುವ ಕ್ಯಾಂಪಿನವರನ್ನೇ ನೇರವಾಗಿ ಕೇಳಿ.

ಪ್ರಶ್ನೆ: ಮಲೇರಿಯಾ ಮಾತ್ರೆ ಉಷ್ಣವಂತೆ. ಹೋಮಿಯೋಪತಿ ಗುಳಿಗೆ, ಬೇವಿನ ಕಷಾಯ ತೆಗೆದುಕೊಂಡರೆ ಆಗದೇ? (ದಾವಣಗೆರೆ)

ಆಗುವುದಿಲ್ಲ. ನನ್ನ ತಂಡದಲ್ಲಂತೂ ನಿಮಗೆ ಜಾಗವಿಲ್ಲ. ಅಲ್ಲಿರುವುದು ಫಾಲ್ಸಿಪಾರಮ್ ಮಲೇರಿಯಾ, ಮಿದುಳಿಗೆ ಏರಿದರೆ ಜೀವಕ್ಕೇ ಅಪಾಯ. ಅದನ್ನು ತಡೆಯುವ ಶಕ್ತಿ ಗುಳಿಗೆಗೂ ಇಲ್ಲ, ಕಷಾಯಕ್ಕೂ ಇಲ್ಲ. ಇಂಥದ್ದನ್ನು ಡಬ್ಬಿಯಲ್ಲಿ ತುಂಬಿ ಮಾರುವವರಿಗೆ ನಾಚಿಕೆಯಾಗಬೇಕು. ಮನೆಯಲ್ಲಿ ಉಳಿದ ಹಳೇ ಕ್ಲೋರೋಕ್ವಿನ್ ಕೂಡ ಅಲ್ಲಿನ ಪರಾವಲಂಬಿಗೆ ಸಾಲದು. ವೈದ್ಯರು ಸಾಮಾನ್ಯವಾಗಿ ಅಟೊವಾಕ್ವೋನ್-ಪ್ರೊಗ್ವಾನಿಲ್ ಅಥವಾ ಡಾಕ್ಸಿಸೈಕ್ಲಿನ್ ಬರೆದುಕೊಡುತ್ತಾರೆ. ನಿಮಗೆ ಯಾವುದು ಎನ್ನುವುದು ಅವರಿಗೆ ಬಿಟ್ಟದ್ದು. ಊರಿಗೆ ಬಂದ ಮೇಲೂ ಮೊದಲನೆಯದನ್ನು ಒಂದು ವಾರ, ಎರಡನೆಯದನ್ನು ನಾಲ್ಕು ವಾರ ನುಂಗಬೇಕು. ವಿಮಾನ ಇಳಿದ ದಿನವೇ ಮಾತ್ರೆ ಬಿಸಾಡುವವರೇ ಹೆಚ್ಚು. ಬಂದು ಎರಡು ತಿಂಗಳಾದ ಮೇಲೆ ಜ್ವರ ಬಂದರೂ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು: 'ನಾನು ಆಫ್ರಿಕಾಕ್ಕೆ ಹೋಗಿದ್ದೆ.'

ಪ್ರಶ್ನೆ: ನೀರುಕುದುರೆ ಸಸ್ಯಾಹಾರಿ ತಾನೇ? ಹತ್ತಿರ ಹೋಗಿ ಫೋಟೊ ತೆಗೆಯಬಹುದೇ? (ಮೈಸೂರು)

ಆನೆಯೂ ಸಸ್ಯಾಹಾರಿಯೇ. ಕಬಿನಿಯಲ್ಲಿ ಇಳಿದು ಹೋಗಿ ಫೋಟೊ ತೆಗೆಯುತ್ತೀರಾ? ಒಂದೂವರೆ ಟನ್ ತೂಕದ ಪ್ರಾಣಿಗೂ ಅದರ ನೀರಿಗೂ ನಡುವೆ ಯಾವತ್ತೂ ನಿಲ್ಲಬೇಡಿ. ರಾತ್ರಿ ಮೇಯಲು ಕ್ಯಾಂಪಿನೊಳಗೇ ಬರುತ್ತವೆ, ಕಾವಲಿನವನಿಲ್ಲದೆ ಟೆಂಟಿನಿಂದ ಹೊರಗೆ ಕಾಲಿಡಬೇಡಿ. ಮೊಕೊರೊ ನಡೆಸುವವನು ಆಳದ ನೀರು ಬಿಟ್ಟು ದಡದ ಜೊಂಡಿನ ಬದಿಗೇ ಹೋಗುವುದು ಅವನ ಸೋಮಾರಿತನವಲ್ಲ. 'ಇನ್ನೂ ಹತ್ತಿರ ಹೋಗಪ್ಪ' ಎಂದು ಅವನಿಗೆ ನೋಟು ತೋರಿಸುವವರನ್ನು ನಾನು ಎರಡನೇ ಸಲ ಕರೆದೊಯ್ಯುವುದಿಲ್ಲ.

ಪ್ರಶ್ನೆ: ಎರಡು ದೊಡ್ಡ ಟ್ರಾಲಿ ಸೂಟ್‌ಕೇಸ್ ತರಬಹುದೇ? (ಬೆಂಗಳೂರು)

ಕ್ಯಾಂಪಿಗೆ ಹೋಗುವುದು ಸಣ್ಣ ಸೆಸ್ನಾ ವಿಮಾನ. ಸಾಮಾನ್ಯವಾಗಿ ತಲೆಗೆ 20 ಕಿಲೋ, ಅದೂ ಮೆತ್ತನೆಯ ಚೀಲದಲ್ಲಿ. ಉಪ್ಪಿನಕಾಯಿ ಭರಣಿಯೂ ಆ 20 ಕಿಲೋದಲ್ಲೇ ಸೇರಿತು.

ಪ್ರಶ್ನೆ: ಹಳದಿ ಜ್ವರದ ಲಸಿಕೆ ಬೇಕೇ? (ಹುಬ್ಬಳ್ಳಿ)

ಕೀನ್ಯಾ, ಇಥಿಯೋಪಿಯಾ ಮೂಲಕ ಹೋಗಿಬರುವುದಾದರೆ ಟಿಕೆಟ್ ಮಾಡಿಸುವ ಮೊದಲೇ ಇದನ್ನು ವಿಚಾರಿಸಿ. ಲಸಿಕೆ ಹಾಕಿಸಿದ ಹತ್ತು ದಿನಕ್ಕೆ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಹಿಂದಿನ ದಿನ ಓಡಿದರೆ ಪ್ರಯೋಜನವಿಲ್ಲ.

ಪ್ರಶ್ನೆ: ಜುಲೈಗೆ ಸ್ವೆಟರ್ ಬೇಕೇ? ಆಫ್ರಿಕಾ ಅಲ್ಲವೇ? (ಬಳ್ಳಾರಿ)

ಬೇಕು. ಮಂಕಿ ಟೋಪಿಯೂ ಬೇಕು.

ಪ್ರಶ್ನೆ: ಮೊರೆಮಿ ಬಿಳಿಯರು ತಮ್ಮ ಶಿಕಾರಿಗಾಗಿ ಮಾಡಿಕೊಂಡ ಕಾಡಂತೆ, ನಿಜವೇ? (ಉಡುಪಿ)

ಸುಳ್ಳು. ಶಿಕಾರಿಯ ಕಾಟಕ್ಕೆ ಪ್ರಾಣಿಗಳು ಖಾಲಿಯಾಗುತ್ತಿರುವುದನ್ನು ಕಂಡು, ಅಲ್ಲಿನ ಬಟವಾನ ಜನ ತಮ್ಮದೇ ನೆಲವನ್ನು 1963ರಲ್ಲಿ ಪ್ರಾಣಿಗಳಿಗೆ ಬಿಟ್ಟುಕೊಟ್ಟರು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು ಮೂರು ವರ್ಷ ಆಮೇಲೆ. ಆಗ ಬುಡಕಟ್ಟಿನ ಆಡಳಿತ ನಡೆಸುತ್ತಿದ್ದವರು ತೀರಿಹೋದ ಮುಖ್ಯಸ್ಥ ಮೂರನೇ ಮೊರೆಮಿಯ ಹೆಂಡತಿ. ನಿಮಗೆ ಈ ಕಥೆ ಹೇಳಿದವರು ಯಾರೋ, ಅವರಿಗೂ ಇದನ್ನು ಓದಿ ಹೇಳಿ.