ಚರ್ಚ್ ಮೆಟ್ಟಿಲಿಗೆ ರ‍್ಯಾಂಪ್: ಒಂದು ಇಂಚಿಗೆ ಒಂದು ಅಡಿ

ಅಕ್ಕಾ, ಕಾಫಿ-ಮೆಣಸು ಬೆಳೆಗಾರರ ಗುಂಪಿನಲ್ಲಿ ಚರ್ಚ್ ವಿಷಯ ಕೇಳಬಹುದಾ ಅಂತ ಹಿಂಜರಿದಿದ್ದೀರಿ. ಇಲ್ಲೇ ಕೇಳಬೇಕು. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುತ್ತಾರೆ. ನನ್ನ ತಮ್ಮನೇ ಎಂಟು ವರ್ಷದ ಹಿಂದೆ ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಮರದ ಮೇಲಿಂದ ಬಿದ್ದ. ಅಂದಿನಿಂದ ಗಾಲಿಕುರ್ಚಿಯೇ.

ನೀವು ಕೇಳಿದ್ದು ಎರಡು. ಯಜಮಾನರಿಗೆ ಸ್ಟ್ರೋಕ್ ಆಗಿದೆ, ಚರ್ಚ್‌ಗೆ ಐದು ಮೆಟ್ಟಿಲು, ಕ್ರಿಸ್ಮಸ್ ಒಳಗೆ ರ‍್ಯಾಂಪ್ ಆಗಬೇಕು, ಇಳಿಜಾರು ಎಷ್ಟಿರಬೇಕು? ಇನ್ನೊಂದು, ತೋಟದ ಕೆಲಸದವರ ಲೈನ್ ಮನೆಯ ಕಿವಿ ಕೇಳಿಸದ ಹುಡುಗಿ ಪೂಜೆಯಲ್ಲಿ ಸುಮ್ನೆ ಕೂತಿರುತ್ತಾಳೆ, ಏನು ಮಾಡುವುದು?

ಮೊದಲು ನಮ್ಮ ತಪ್ಪು ಹೇಳುತ್ತೇನೆ. ಶುರುವಿನಲ್ಲಿ ನಾಲ್ಕು ಹುಡುಗರು ತಮ್ಮನನ್ನು ಕುರ್ಚಿ ಸಮೇತ ಎತ್ತಿ ಒಳಗೆ ಇಡುತ್ತಿದ್ದರು. ಪ್ರೀತಿಯಿಂದಲೇ. ಮೂರು ತಿಂಗಳಾದ ಮೇಲೆ ಅವನು ಬರುವುದನ್ನೇ ಬಿಟ್ಟ. ‘ಪ್ರತಿ ಭಾನುವಾರ ಮೂಟೆ ಥರ ಏರಿಸಿ ಇಳಿಸುತ್ತೀರಿ, ಎಲ್ಲರೂ ತಿರುಗಿ ನೋಡುತ್ತಾರೆ’ ಅಂದ. ಬೈಬಲ್‌ನ ಮಾರ್ಕನ ಶುಭಸಂದೇಶದಲ್ಲಿ ಪಾರ್ಶ್ವವಾಯು ಬಡಿದವನನ್ನು ನಾಲ್ವರು ಯೇಸುವಿನ ಹತ್ತಿರ ಹೊತ್ತು ತಂದರಲ್ಲ ಅಂತ ನಮ್ಮ ಸಮಿತಿಯಲ್ಲಿ ಒಬ್ಬರು ಹೇಳಿದರು. ನಿಜ. ಆದರೆ ಆ ಮನುಷ್ಯ ಗುಣವಾಗಿ ವಾಪಸ್ ಹೋಗುವಾಗ ತನ್ನ ಹಾಸಿಗೆ ತಾನೇ ಹೊತ್ತು ನಡೆದ, ಅಲ್ವಾ? ಯೇಸು ಕುರುಡ ಬಾರ್ತಿಮಾಯನನ್ನೂ ‘ನಿನಗೆ ಏನು ಬೇಕು’ ಅಂತ ಕೇಳಿದ ಮೇಲೆಯೇ ಗುಣಪಡಿಸಿದ್ದು. ನಾವು ತಮ್ಮನನ್ನು ಕೇಳಿರಲೇ ಇಲ್ಲ.

ಈಗ ರ‍್ಯಾಂಪ್. ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ನಿಮ್ಮ ಐದು ಮೆಟ್ಟಿಲು ತಲಾ 6 ಇಂಚು ಅಂದರೆ 30 ಇಂಚು, ಹಾಗಾದರೆ 30 ಅಡಿ ಬೇಕು. ಮೇಸ್ತ್ರಿ ಒಪ್ಪುವುದಿಲ್ಲ, ನೋಡಿ. ನಮ್ಮವರು ನಾಲ್ಕು ಮೆಟ್ಟಿಲಿಗೆ 8 ಅಡಿಯಲ್ಲೇ ಮುಗಿಸಿ ‘ಜೀಪೇ ಹತ್ತುತ್ತೆ’ ಅಂದರು. ತಮ್ಮ ಅರ್ಧ ಹತ್ತುವಷ್ಟರಲ್ಲಿ ಮುಂದಿನ ಚಿಕ್ಕ ಚಕ್ರ ಮೇಲೆದ್ದಿತು. ನಾನು ಹಿಂದೆ ಇಲ್ಲದಿದ್ದರೆ ತಲೆ ಕೆಳಗಾಗಿ ಬೀಳುತ್ತಿದ್ದ. ಒಡೆದು 24 ಅಡಿ ಮಾಡಿದೆವು. ಜಾಗ ಸಾಲದಿದ್ದರೆ ಗೋಡೆ ಪಕ್ಕದಲ್ಲಿ ಮಡಚಿ ತನ್ನಿ. ತಿರುಗುವ ಕಡೆ 5 ಅಡಿ ಚೌಕ ಸಮತಟ್ಟಾಗಿರಲಿ, ಬಾಗಿಲ ಮುಂದೆಯೂ ಅಷ್ಟೇ. ಅಗಲ 4 ಅಡಿ. ಅಂಚಿಗೆ ಸಣ್ಣ ಕಟ್ಟೆ ಕಟ್ಟಿ, ಚಕ್ರ ಜಾರಬಾರದು.

ಹಿಡಿದುಕೊಳ್ಳುವ ಪೈಪ್ (ರೇಲಿಂಗ್) ಎರಡೂ ಕಡೆ ಹಾಕಿಸಿ. ಯಜಮಾನರಿಗೆ ಒಂದೇ ಕೈಯಲ್ಲಿ ಬಲ ಇದ್ದರೆ ಹತ್ತುವಾಗ ಹಿಡಿದ ಪೈಪ್ ಇಳಿಯುವಾಗ ಆ ಕೈಗೆ ಸಿಗುವುದಿಲ್ಲ. ನಾಳೆ ಅವರು ಕೋಲು ಹಿಡಿದು ನಡೆಯುವಂತಾದಾಗ ಇದು ಬಹಳ ಮುಖ್ಯ.

ನಮ್ಮ ಮಳೆ ಮರೆಯಬೇಡಿ. ಟೈಲ್ಸ್, ಪಾಲಿಶ್ ಕಲ್ಲು ಬೇಡವೇ ಬೇಡ. ಕಾಂಕ್ರೀಟ್ ಹಸಿ ಇರುವಾಗಲೇ ಕಡ್ಡಿ ಪೊರಕೆಯಿಂದ ಅಡ್ಡಡ್ಡ ಗೆರೆ ಎಳೆಸಿ. ಮಳೆ ಬೀಳದಂತೆ ಮೇಲೆ ಶೀಟಿನ ಚಾವಣಿ ಹಾಕಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ಉಜ್ಜಬೇಕು. ಗೇಟಿನಿಂದ ರ‍್ಯಾಂಪ್‌ವರೆಗಿನ ಜಲ್ಲಿಯನ್ನೂ ತೆಗೆಸಿ, ಅದರಲ್ಲಿ ಚಕ್ರ ಹೂತುಹೋಗುತ್ತದೆ.

‘ಹಳೇ ಚರ್ಚ್, ಮೆಟ್ಟಿಲು ಮುಟ್ಟಬಾರದು’ ಅನ್ನುವವರು ಇರುತ್ತಾರೆ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ 1792ರಲ್ಲಿ ಶುರುವಾದದ್ದೇ ನೆಲೆ ಕಳೆದುಕೊಂಡು ಬಂದವರಿಗೆ ಕೊಡಗಿನ ಅರಸರು ಜಾಗ ಕೊಟ್ಟಿದ್ದರಿಂದ. ಜಾಗ ಇಲ್ಲದವರಿಗೆ ಜಾಗ ಮಾಡಿಕೊಟ್ಟೇ ಆ ಚರ್ಚ್ ಬಂದದ್ದು ಅಂತ ನೆನಪಿಸಿ.

ಒಳಗೆ ಮಧ್ಯದ ಸಾಲಿನಲ್ಲಿ ಒಂದು ಬೆಂಚನ್ನು ಅರ್ಧ ಕತ್ತರಿಸಿ ಕುರ್ಚಿಗೆ ಜಾಗ ಬಿಡಿ. ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ ಬೇಡ. ನೀವೂ ಪಕ್ಕದಲ್ಲೇ ಕೂರಬಹುದು. ಪರಮಪ್ರಸಾದವೂ ಆ ಸಾಲಿನ ಸರದಿಯಲ್ಲೇ ಸಿಗಲಿ, ಎಲ್ಲರದೂ ಮುಗಿದ ಮೇಲೆ ಅಲ್ಲ. ಶೌಚಾಲಯದ ಬಾಗಿಲು 3 ಅಡಿ ಇದ್ದು ಹೊರಕ್ಕೆ ತೆರೆಯಬೇಕು.

ಆ ಹುಡುಗಿಗೆ ಮುಂದಿನ ಸಾಲಿನಲ್ಲಿ ಜಾಗ ಕೊಡಿ. ಫಾದರ್ ಮುಖದ ಮೇಲೆ ಬೆಳಕು ಬೀಳಬೇಕು. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಕಂಡು ತುಟಿ ಚಲನೆ ತಿಳಿಯುವುದಿಲ್ಲ. ಬೈಬಲ್ ವಾಚನ, ಪ್ರಬೋಧನೆಯ ಸಾರ, ಹಾಡುಗಳನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ಮಾಡಿ ಮೊದಲೇ ಅವಳ ಕೈಗೆ ಕೊಡಿ. ಕಣ್ಣು ಮಂಜಾದ ಅಜ್ಜ ಅಜ್ಜಿಯರೂ ಅದನ್ನೇ ಕೇಳಿ ತೆಗೆದುಕೊಳ್ಳುತ್ತಾರೆ. ಅವಳಿಗೆ ಸನ್ನೆ ಭಾಷೆ ಬಂದರೆ ನಾಲ್ಕೈದು ಜನ ಅವಳಿಂದಲೇ ಕಲಿಯಿರಿ. ‘ಶಾಂತಿ ನಿಮ್ಮೊಂದಿಗಿರಲಿ’ ಅನ್ನುವುದನ್ನು ಅವಳ ಭಾಷೆಯಲ್ಲಿ ಹೇಳಿ, ಆಮೇಲೆ ಮುಖ ನೋಡಿ.

ಇನ್ನೊಂದನ್ನು ಫಾದರ್ ಹತ್ತಿರ ಖಂಡಿತ ಮಾತಾಡಿ. ‘ವಿಶ್ವಾಸ ಇದ್ದಿದ್ದರೆ ಎದ್ದು ನಡೆಯುತ್ತಿದ್ದ’ ಅಂತ ಒಬ್ಬರು ತಮ್ಮನ ಎದುರೇ ಹೇಳಿದ್ದರು. ರ‍್ಯಾಂಪ್ ಇದ್ದೂ ಅವನು ಆರು ವಾರ ಬರಲಿಲ್ಲ. ಹುಟ್ಟುಕುರುಡನ ವಿಷಯದಲ್ಲಿ ಇವನದೂ ಪಾಪ ಅಲ್ಲ, ಹೆತ್ತವರದೂ ಅಲ್ಲ ಅಂತ ಯೇಸುವೇ ಹೇಳಿದ್ದಾನೆ. ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯ. ಯಾರೇ ಆದರೂ ತಲೆ ಮೇಲೆ ಕೈ ಇಟ್ಟು ಪ್ರಾರ್ಥಿಸುವ ಮುಂಚೆ ಬೇಕಾ ಅಂತ ಕೇಳಲಿ.

ಈಗ ತಮ್ಮ ತಿಂಗಳಿಗೊಮ್ಮೆ ವಾಚನ ಓದುತ್ತಾನೆ. ಮೈಕ್ ಸ್ಟ್ಯಾಂಡ್ ತಗ್ಗಿಸಿದೆವು, ಅಷ್ಟೇ ಖರ್ಚು. ನಿಮ್ಮ ಯಜಮಾನರಿಗೂ ಏನು ಮಾಡಲು ಇಷ್ಟ ಅಂತ ಕೇಳಿ ನೋಡಿ.

ಮೆಟ್ಟಿಲಿನ ಒಟ್ಟು ಎತ್ತರ ಟೇಪ್ ಹಿಡಿದು ಅಳೆದು ಇಲ್ಲಿ ಹಾಕಿ. ಮಣ್ಣು ತುಂಬಿ ಗಟ್ಟಿ ಮಾಡಿದ ಮೇಲೆ ಹಲಗೆ ಹಾಸಿ ಇಡಿ, ಆಗಲೇ ಕಾಂಕ್ರೀಟ್ ಹಾಕಬೇಡಿ. ಒಂದು ಭಾನುವಾರ ತಮ್ಮನನ್ನು ಕರೆದುಕೊಂಡು ಬರುತ್ತೇನೆ. ಅವನೇ ಹತ್ತಿ ಇಳಿದು ಸರಿ ಇದೆಯಾ ಹೇಳಲಿ, ಆಮೇಲೆ ಕಾಂಕ್ರೀಟ್.