ಮೊಣಕಾಲುದ್ದ ನೀರಲ್ಲಿ ನಡೆದು ಬಂದೆ, ಡಾಕ್ಟ್ರೇ, ಈಗೇನು?

ಪ್ರಶ್ನೆ: ನನಗೆ 46. ಮುಂಬಯಿಯ ಪರೇಲಿನ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರ್ತೇನೆ. ನಿನ್ನೆ ಹಿಂದಮಾತಾದಲ್ಲಿ ಮೊಣಕಾಲುದ್ದ ನೀರು, ಟ್ಯಾಕ್ಸಿ ಇಲ್ಲ, ಬಸ್ಸಿಲ್ಲ, ದಾದರ್ ಸ್ಟೇಷನ್ ತನಕ ನಡೆದೇ ಹೋದೆ. ಹಿಮ್ಮಡಿಯಲ್ಲಿ ಚಪ್ಪಲಿ ಕಚ್ಚಿದ ಗಾಯ ಇತ್ತು. ನಮ್ಮ ಹುಡುಗರು ಮೆಡಿಕಲ್‌ನಿಂದ ಏನೋ ಮಾತ್ರೆ ತಂದಿದ್ದಾರೆ, ನೀವೂ ತಗೊಳ್ಳಿ ಅಣ್ಣ ಅಂತಾರೆ. ಜ್ವರವೇ ಇಲ್ಲದೆ ಮಾತ್ರೆ ಯಾಕೆ?

ಉತ್ತರ: ನಿಮಗೆ ಮೇಲ್ ಬಂದ ಸಂಜೆಯೇ ಉತ್ತರಿಸಿದ್ದೇನೆ, ಮುಂದಿನ ಸಂಚಿಕೆ ತನಕ ಕಾಯುವ ವಿಷಯ ಅಲ್ಲ ಇದು. ಇಲ್ಲಿ ಬರೆಯುತ್ತಿರುವುದು ಉಳಿದವರಿಗೆ.

ಈ ಮಾತ್ರೆಯನ್ನು ಜ್ವರ ಬಂದ ಮೇಲಲ್ಲ, ಬರುವ ಮೊದಲೇ ತಗೊಳ್ಳಬೇಕು. ರಸ್ತೆಯಲ್ಲಿ ನಿಂತದ್ದು ಬರೀ ಮಳೆನೀರಲ್ಲ, ಗಟಾರದ ನೀರೂ ಅದರಲ್ಲಿದೆ, ಇಲಿ ಹೆಗ್ಗಣಗಳ ಮೂತ್ರವೂ ಇದೆ. ಆ ಮೂತ್ರದಲ್ಲಿರುವ ಲೆಪ್ಟೊಸ್ಪೈರಾ ಅನ್ನುವ ಬ್ಯಾಕ್ಟೀರಿಯಾ ಚರ್ಮದ ಸಣ್ಣ ಬಿರುಕಿನಿಂದಲೂ ಒಳಗೆ ಹೋಗುತ್ತದೆ. ನಾವು ಇಲಿ ಜ್ವರ ಅನ್ನುವುದು ಇದನ್ನೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತಲ್ವಾ, ನೀರು ಇಳಿದ ಮೇಲಿನ ವಾರಗಳಲ್ಲಿ ಈ ಜ್ವರ ಊರನ್ನೇ ಹಿಡಿಯಿತು. ನೀರಿಗಿಳಿದ ಎಷ್ಟೋ ದಿನದ ಮೇಲೆ, ಹೆಚ್ಚಾಗಿ ಐದರಿಂದ 14 ದಿನದೊಳಗೆ ಬರುವುದರಿಂದ ಆ ನೀರಿನ ನೆನಪೇ ಯಾರಿಗೂ ಇರುವುದಿಲ್ಲ.

ಮಾತ್ರೆ ಡಾಕ್ಸಿಸೈಕ್ಲಿನ್, ದೊಡ್ಡವರಿಗೆ 200 ಮಿಲಿಗ್ರಾಂ. ಮುಂಬಯಿ ಪಾಲಿಕೆ ಹೇಳುವ ಲೆಕ್ಕ ಹೀಗೆ: ಗಾಯವಿಲ್ಲದೆ ಒಮ್ಮೆ ನೀರಲ್ಲಿ ನಡೆದಿದ್ದರೆ ಒಂದು ಸಲ, ಗಾಯವಿದ್ದರೆ ದಿನಕ್ಕೊಂದು ಸಲದಂತೆ ಮೂರು ದಿನ, ಪದೇ ಪದೇ ನೀರಿಗಿಳಿಯುವವರಿಗೆ ವಾರಕ್ಕೊಮ್ಮೆ ಆರು ವಾರ. ಶುರು ಮಾಡುವುದು 72 ಗಂಟೆಯೊಳಗೆ. ಹಿಮ್ಮಡಿ ಗಾಯದಿಂದಾಗಿ ನೀವು ಮೂರು ದಿನದವರು. ಆದರೆ ಹುಡುಗರ ಪಟ್ಟಿಯಿಂದ ಒಂದು ಕಿತ್ತು ನುಂಗಬೇಡಿ, ಹತ್ತಿರದ ಪಾಲಿಕೆ ದವಾಖಾನೆಗೆ ಹೋಗಿ, ಅಲ್ಲಿ ಪುಕ್ಕಟೆ ಸಿಗುತ್ತದೆ, ನಿಮ್ಮ ಬೇರೆ ಮಾತ್ರೆಗಳನ್ನೂ ಕೇಳಿಯೇ ಕೊಡುತ್ತಾರೆ. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಇದು ಬೇಡ, ಅವರಿಗೆ ಬೇರೆ ಔಷಧಿ ಇದೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಊಟದ ಮೇಲೆ, ದೊಡ್ಡ ಲೋಟ ತುಂಬ ನೀರಿನ ಜೊತೆ ತಗೊಳ್ಳಿ, ಆಮೇಲೆ ಅರ್ಧ ಗಂಟೆಯಾದರೂ ಮಲಗಬೇಡಿ. ಒಬ್ಬರು ಮಲಗುವಾಗ ಒಂದೇ ಗುಟುಕು ನೀರಲ್ಲಿ ನುಂಗಿ, ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣಾಗಿ, ಹಾರ್ಟ್ ಅಟ್ಯಾಕ್ ಅಂತ ಎದೆ ಹಿಡಿದುಕೊಂಡು ನನ್ನ ಹತ್ತಿರ ಓಡಿಬಂದಿದ್ದರು! ಆಸಿಡಿಟಿ ಮಾತ್ರೆ, ಕಬ್ಬಿಣದ ಮಾತ್ರೆ ಇದ್ದರೆ ಎರಡು ಮೂರು ಗಂಟೆ ಅಂತರ ಇರಲಿ. ಹಾಗಂತ ಪ್ರತಿ ಮಳೆಗೂ ಪೆಪ್ಪರ್‌ಮಿಂಟ್ ತರ ತಿನ್ನುವುದು ಬೇಡ, ಇದು ಆ್ಯಂಟಿಬಯೋಟಿಕ್.

ಪ್ರಶ್ನೆ: ಡೊಂಬಿವಲಿಯಿಂದ ದಿನಾ ಲೋಕಲ್‌ನಲ್ಲಿ ಓಡಾಡುತ್ತೇನೆ, ಮಳೆಗಾಲ ಪೂರ್ತಿ ಶೂ ಒದ್ದೆ. ಕಾಲ್ಬೆರಳ ಸಂದಿ ಬೆಳ್ಳಗಾಗಿ ಬಿರಿದು ತುರಿಸುತ್ತದೆ. ಮೆಡಿಕಲ್‌ನವರು ಕೊಟ್ಟ ಟ್ಯೂಬ್ ಹಚ್ಚಿದರೆ ಎರಡೇ ದಿನದಲ್ಲಿ ಹೋಗುತ್ತದೆ, ಮತ್ತೆ ಬರುತ್ತದೆ.

ಉತ್ತರ: ಎರಡೇ ದಿನದಲ್ಲಿ ಹೋಯಿತು ಅಂದಾಗಲೇ ನನಗೆ ಅನುಮಾನ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೆಕ್ಲೊಮೆಥಸೋನ್ ಅಂತ ಇದೆಯಾ ನೋಡಿ. ಅದು ಸ್ಟೀರಾಯ್ಡ್. ತುರಿಕೆ ಅಡಗುತ್ತದೆ, ಒಳಗಿನ ಫಂಗಸ್ ಆರಾಮಾಗಿ ಬೆಳೆಯುತ್ತದೆ. ಬರೀ ಕ್ಲೋಟ್ರಿಮಜೋಲ್ ಇರುವುದನ್ನು ದಿನಕ್ಕೆ ಎರಡು ಸಲ ಹಚ್ಚಿ, ವಾಸಿಯಾಯಿತು ಅನಿಸಿದ ಮೇಲೂ ಎರಡು ವಾರ ಬಿಡಬೇಡಿ. ಆಫೀಸಿನಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ ಇಡಿ, ಹೋದ ಕೂಡಲೇ ಬೆರಳ ಸಂದಿ ಒರೆಸಿ ಒಣಗಿಸಿ. ಆದರೆ ಶುಗರ್ ಇದ್ದರೆ ಮನೆಮದ್ದು, ಟ್ಯೂಬು ಏನೂ ಬೇಡ, ಸೀದಾ ಡಾಕ್ಟರಿಗೆ ತೋರಿಸಿ. ಮತ್ತೆ, ಬಿರಿದ ಆ ಸಂದಿಯೂ ಗಾಯವೇ. ನೀರಲ್ಲಿ ನಡೆದ ದಿನ ಮೇಲಿನ ಉತ್ತರದ ಮೂರು ದಿನದ ಲೆಕ್ಕ ನಿಮಗೂ ಬರುತ್ತದೆ.

ಪ್ರಶ್ನೆ: ನನ್ನವರಿಗೆ ಎರಡು ದಿನದಿಂದ ಜ್ವರ, ಮೈಕೈ ನೋವು. ಲೆಪ್ಟೊ ಟೆಸ್ಟ್ ನೆಗೆಟಿವ್ ಬಂದಿದೆ. ನೋವಿನ ಮಾತ್ರೆ ಕೊಡಬಹುದಾ?

ಉತ್ತರ: ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಖಂಡಿತ ಬೇಡ, ಡೆಂಗ್ಯೂ ಆಗಿದ್ದರೆ ರಕ್ತಸ್ರಾವ ಜಾಸ್ತಿಯಾಗಬಹುದು, ಇಲಿ ಜ್ವರವಾಗಿದ್ದರೆ ಕಿಡ್ನಿಗೆ ಏಟು. ಎರಡನೇ ದಿನದ ನೆಗೆಟಿವ್ ರಿಪೋರ್ಟ್ ನಂಬಿ ಕೂರಬೇಡಿ, ಈ ಟೆಸ್ಟು ಹುಡುಕುವುದು ನಮ್ಮ ದೇಹ ಮಾಡುವ ಆ್ಯಂಟಿಬಾಡಿಯನ್ನು, ಅದು ಕಾಣಿಸಲು ಐದಾರು ದಿನ ಬೇಕು. ಮಲೇರಿಯಾ, ಡೆಂಗ್ಯೂ ಟೆಸ್ಟ್ ಇವತ್ತೇ ಮಾಡಿಸಿ. ನೀರಲ್ಲಿ ನಡೆದದ್ದಿದ್ದರೆ ಡಾಕ್ಟರಿಗೆ ನೀವೇ ಹೇಳಿ, ಅವರು ಕೇಳದೆ ಇರಬಹುದು. ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು ಅಥವಾ ಹಳದಿ, ಮೂತ್ರ ಕಡಿಮೆ, ಉಸಿರಾಡಲು ಕಷ್ಟ, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅನ್ನಬೇಡಿ, ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.